ಶಮಂತನ ಹೊಡೆತ

ಡಾಕ್ಟರ್ ಸತ್ಯಪ್ರಕಾಶ ಧಾರವಾಡದವರು, ಲಂಡನ್ ಬದಿಯ ಸಟನ್ನಿನ ಆಸ್ಪತ್ರೆಯೊಂದರಲ್ಲಿ ಹೃದ್ರೋಗ ತಜ್ಞರು. ಬಂಗಾರದಂಥ ಮನುಷ್ಯ. ಆದರೆ ಒಂದು ಹುಚ್ಚಿತ್ತು: ಬೇಸ್‌ಬಾಲ್. ಇಂಗ್ಲೆಂಡಿನಲ್ಲಿದ್ದುಕೊಂಡು, ಕೈಗೆಟುಕುವ ಕ್ರಿಕೆಟ್ ಬಿಟ್ಟು, ಬೇಸ್‌ಬಾಲ್! ತೊಂಬತ್ತೆಂಟರ ಬೇಸಿಗೆಯಲ್ಲಿ ಅಮೆರಿಕದ ದೈತ್ಯ ದಾಂಡಿಗರು ಚೆಂಡನ್ನು ಗ್ಯಾಲರಿಗೆ ಅಟ್ಟುವುದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಬೆಳಗಿನ ಅವಲಕ್ಕಿ ತಿನ್ನುತ್ತ ನೋಡಿದ್ದರು. ಅಂದು ತಗುಲಿದ ಹುಚ್ಚು ಮತ್ತೆ ಬಿಡಲಿಲ್ಲ.

ಏಳು ವರ್ಷಗಳ ನಂತರ, ಅಂಥ ದಾಂಡಿಗರಲ್ಲಿ ಕೆಲವರು ಸ್ಟೆರಾಯ್ಡ್ ಚುಚ್ಚಿಕೊಂಡಿದ್ದರೆಂಬ ಗುಲ್ಲೆದ್ದಿತು. ಕನ್ನಡ ಬಳಗದ ಯುಗಾದಿ ಊಟದಲ್ಲಿ ಯಾರೋ ಕೆಣಕಿದರು.

"ಏನ್ ಡಾಕ್ಟ್ರೇ, ನಿಮ್ಮ ಹೀರೋಗಳೆಲ್ಲ ಕಳ್ಳರಂತೆ?"

ಡಾಕ್ಟರರಿಗೆ ರೇಗಿತು. "ತಪ್ಪು ತಪ್ಪೇ, ನಾ ಇಲ್ಲ ಅನ್ನೂದಿಲ್ಲ. ಆದ್ರ ಸೂಜಿ ತೋಳು ದಪ್ಪ ಮಾಡ್ತದ, ಅಷ್ಟ. ಬರೋ ಚೆಂಡು ಕಾಣೋ ಕಣ್ಣು ಯಾವ ಸೂಜಿಯಿಂದಾನೂ ಬರೂದಿಲ್ಲ. ಆ ಹೊಡೆತ ನೋಡಿದ್ರ ನನ್ನ ಎದಿ ಝಲ್ ಅಂತದ, ಏನ್ ಮಾಡ್ಲಿ?"

ಎದುರಿಗೆ ಕೂತು ಪಾಯಸ ಸುರಿಯುತ್ತಿದ್ದ ಶಮಂತ ಈ ಮಾತನ್ನು ಕಿವಿಗೊಟ್ಟು ಕೇಳಿಸಿಕೊಂಡ. ಅವನು ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಊರ ಹೊರಗಿನ ಪುರಸಭೆಯ ಮೈದಾನದಲ್ಲಿ ಆಡುವ ಬೇಸ್‌ಬಾಲ್ ಕ್ಲಬ್ಬಿನ ಏಕೈಕ ಕನ್ನಡಿಗ. ಪ್ರತಿ ಭಾನುವಾರ ಬ್ಯಾಟಿಗಿಳಿಯುವ ಮುನ್ನ, ಮಡಚುವ ಕುರ್ಚಿಯಲ್ಲಿ ಕೂತ ಡಾಕ್ಟರರ ಕಾಲಿಗೆರಗುತ್ತಿದ್ದ. ಜೊತೆಯ ಆಟಗಾರರು ಮುಸಿಮುಸಿ ನಗುತ್ತಿದ್ದರು. ಡಾಕ್ಟರರು ಮಾತ್ರ ಉಬ್ಬಿಹೋಗಿ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು.

ಮುಂದಿನ ಬೇಸಿಗೆಯ ಹೊತ್ತಿಗೆ ಶಮಂತನ ಭುಜ ಊದಿಕೊಂಡು ಕುತ್ತಿಗೆಯೇ ಕಾಣದಂತಾಗಿತ್ತು, ಬೆನ್ನ ತುಂಬ ಮೊಡವೆ. ಜಿಮ್ಮಿಗೆ ಹೋಗುತ್ತಾನೆ ಎಂದುಕೊಂಡರು ಡಾಕ್ಟರರು. ಕಂಡದ್ದನ್ನು ಕಂಡಿಲ್ಲ ಅಂದುಕೊಳ್ಳುವುದು ಓದಿದವರಿಗೂ ಚೆನ್ನಾಗಿ ಬರುತ್ತದೆ.

ನಮ್ಮವರು ಎಲ್ಲಿ ಸೇರಿದರೂ ಊಟದ ನಡುವೆಯೇ ಡಾಕ್ಟರಿಗೆ ರೋಗ ಹೇಳಿಕೊಳ್ಳುವುದುಂಟು. ಈಸ್ಟ್ ಹ್ಯಾಮ್‌ನ ಒಂದು ನಾಮಕರಣದಲ್ಲಿ ಶಮಂತನ ಹೆಂಡತಿ ಗಾರ್ಗಿ ಅವರನ್ನು ಕೈತೊಳೆಯುವಲ್ಲಿ ಹಿಡಿದಳು.

"ಅಂಕಲ್, ಇವ್ರು ಬಾತ್‌ರೂಮಲ್ಲಿ ಸೂಜಿ ಚುಚ್ಕೊಳ್ತಾರೆ. ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು. ಕೇಳಿದ್ರೆ, ಡಾಕ್ಟರ್ ಅಂಕಲ್ಲೇ ಹೇಳಿದ್ದಾರೆ, ಕಣ್ಣು ನಂದೇ ಅಂತಾರೆ."

ಯುಗಾದಿಯಂದು ತಾವಾಡಿದ ಮಾತು ಡಾಕ್ಟರರಿಗೆ ನೆನಪಾಯಿತು. ಆ ವಾರವೇ ಶಮಂತನನ್ನು ಕರೆಸಿ ಪರೀಕ್ಷೆ ಮಾಡಿಸಿದರು. ಹೃದಯದ ಗೋಡೆ ದಪ್ಪಗಾಗಿತ್ತು. ಬೈದರು, ಬಿಡಿಸಿ ಹೇಳಿದರು, ಕೊನೆಗೆ ಕೈಮುಗಿದರು. "ಹಿಂಗಾದ್ರ ಸತ್ತಹೋಗ್ತೀ ತಮ್ಮಾ."

"ಈ ಸೀಸನ್ ಒಂದು ಮುಗೀಲಿ ಅಂಕಲ್," ಎಂದ ಶಮಂತ, ನಗುತ್ತಲೇ.

ಗಾರ್ಗಿ ಫೋನಿನಲ್ಲಿ ಅತ್ತಳು. "ಬೈಗುಳ ಅವ್ರಿಗೆ ನಾಟಲ್ಲ. ನಿಮ್ಮ ಖುಷಿಗೇ ಆಡೋದು ಅವ್ರು. ಭಾನುವಾರ ಆಶೀರ್ವಾದ ಮಾಡ್ಬೇಡಿ, ಚಪ್ಪಾಳೆ ತಟ್ಬೇಡಿ. ಇಷ್ಟು ಮಾಡಿ ಸಾಕು."

"ಆತವಾ, ಮಾತು ಕೊಟ್ಟೆ," ಎಂದರು ಡಾಕ್ಟರರು. ಇಷ್ಟೇ ತಾನೇ ಅನ್ನಿಸಿತ್ತು ಅವರಿಗೆ.

ಭಾನುವಾರ ಶಮಂತ ಎಂದಿನಂತೆ ಬಾಗಿದ. ಡಾಕ್ಟರರು ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿ ಬಿಗಿಹಿಡಿದರು. ಕಾಲಿಗೆರಗಿದವನನ್ನು ಹರಸದೆ ಕೂತದ್ದು ಜನ್ಮದಲ್ಲಿ ಅದೇ ಮೊದಲು. ಅವನು ತುಸು ಹೊತ್ತು ಬಾಗಿಯೇ ಇದ್ದು ಸಪ್ಪೆ ಮುಖದಿಂದ ಎದ್ದು ಹೋದ. ಮೊದಲ ಎರಡು ಚೆಂಡು ಬ್ಯಾಟಿಗೆ ತಾಗಲೇ ಇಲ್ಲ; ಇನ್ನೊಂದು ತಪ್ಪಿದರೆ ಔಟು.

"ಇವತ್ತು ಅವ್ರಿಗೆ ಅರ್ಥ ಆಯ್ತು ಅನ್ಸತ್ತೆ ಅಂಕಲ್," ಎಂದಳು ಪಕ್ಕದಲ್ಲಿದ್ದ ಗಾರ್ಗಿ. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತ್ತು.

ಮೂರನೆಯ ಚೆಂಡು ಓರೆಯಾಗಿ ತಿರುಗುತ್ತ ಬಂತು. ಶಮಂತ ಕಾದ. ಬೇರೆ ಯಾರೂ ಕಾಯಲಾರದಷ್ಟು ಕಾದು ಬೀಸಿದ. ಚೆಂಡು ಬೇಲಿ ದಾಟಿತು, ಬೇಲಿಯಾಚೆಯ ಮರಗಳನ್ನೂ ದಾಟಿತು.

"ಭಲೇ ಮಗನ!"

ಕೂಗಿದ್ದು ತಾವೇ ಎಂದು ಡಾಕ್ಟರರಿಗೆ ತಿಳಿದದ್ದು ಕುರ್ಚಿ ಹಿಂದಕ್ಕೆ ಉರುಳಿದ ಮೇಲೆ. ಅವರು ಎದ್ದು ನಿಂತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಓಡುತ್ತಿದ್ದ ಶಮಂತ ತಿರುಗಿ ನೋಡಿದ, ಅವನ ಮುಖ ಊರಗಲವಾಯಿತು.

"ಅಂಕಲ್," ಎಂದಳು ಗಾರ್ಗಿ, ಮೆಲ್ಲಗೆ.

ಅವರಿಗೆ ಕೇಳಿಸಿತು. ನಾಚಿಕೆಯಿಂದ ಕಣ್ಣು ತುಂಬಿ ಬಂತು. ನಿಲ್ಲಿಸಬೇಕು ಎಂದುಕೊಂಡರು. ಗಾರ್ಗಿ ಎದ್ದು ಕಾರಿನತ್ತ ನಡೆದಳು. ಅವರು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.