ಸ್ವಲ್ಪದರಲ್ಲಿ ಪಾರಾದವರು

ಬಾಗಿಲಿಗೆ ಅಡ್ಡವಾಗಿ ಯಾರೋ ಬ್ಯಾಗ್ ಇಟ್ಟಿದ್ದಾರೆ, ಲ್ಯಾಪ್‌ಟಾಪಿನ ಬ್ಯಾಗು, ಅದರ ಪಟ್ಟಿ ಹೊಸ್ತಿಲ ಮೇಲೆ ಉದ್ದಕ್ಕೆ ಬಿದ್ದಿದೆ, ಬೆಂಕಿ ಹತ್ತಿದರೆ ಮೊದಲು ಓಡುವವನ ಕಾಲು ಅದಕ್ಕೇ ಸಿಕ್ಕಿಕೊಳ್ಳುತ್ತದೆ, ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ — ಕೂತಿರುವವರೆಲ್ಲ ಸೇಫ್ಟಿ ಆಫೀಸರುಗಳೇ, ಇದು ಕಂಡದ್ದು ತನ್ನೊಬ್ಬಳ ಕಣ್ಣಿಗೇನಾ ಎಂದು ಶಿವಕುಮಾರಿಗೆ ರೇಗಿತು, ಆದರೆ ಅಧ್ಯಕ್ಷರ ಕುರ್ಚಿಯಿಂದ ಎದ್ದು ಹೋಗಿ ಬ್ಯಾಗ್ ಎತ್ತಿಡುವುದು ಹೇಗೆ, ಅದೂ ಪರಪ್ಪ ಎದ್ದು ನಿಂತು ಮಾತಾಡುತ್ತಿರುವಾಗ, ಮೆಟ್ರೋ ಕೆಲಸದ ಪರಪ್ಪ, ಕ್ರೇನಿನ ಪಟ್ಟಿ ಜಾರಿತಂತೆ, ಪೈಪು ಬಿತ್ತಂತೆ, ಬಿದ್ದ ಜಾಗದಲ್ಲಿ ನಿಂತಿದ್ದವನು ಆಗಷ್ಟೇ ತಂಬಾಕು ಕೇಳಲು ಆಚೆ ಹೋಗಿದ್ದನಂತೆ, ತಂಬಾಕೂ ನೇ ಬಚಾ ಲಿಯಾ ಉಸ್ಕೋ, ತಂಬಾಕೇ ಉಳಿಸಿತು ನೋಡಿ ಎಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಕಣ್ಣು ಮಾತ್ರ ಬ್ಯಾಗಿನ ಮೇಲೆಯೇ. ದಾನಪ್ಪ ಇದ್ದಿದ್ದರೆ ಕೂತಲ್ಲಿಂದಲೇ ಕಾಲು ಚಾಚಿ ಅದನ್ನು ಗೋಡೆಗೆ ಸರಿಸಿ, ಏನೂ ಆಗಿಲ್ಲವೆಂಬಂತೆ ಚಾವಣಿ ನೋಡುತ್ತಿದ್ದ. ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು ಅವನಿಗೆ, ಇಲ್ಲೆ ಬೆಂಕಿ ಹತ್ತಿದ್ರ ನಾನ ಮೊದಲ ಓಡಾಂವ ಮೇಡಮ್ಮಾರ, ಮಂದೀನ ಬಿಟ್ಟ ಓಡ್ತೀರೇನು ಎಂದು ಅವಳು ಕೇಳಿದರೆ, ಬಾಗಲಾ ತಗ್ಯಾಕ ಒಬ್ಬಾಂವ ಬೇಕಲ್ರೀ. ಬಾಯಲ್ಲಿ ಯಾವಾಗಲೂ ದಾನಪ್ಪನವರು ಎನ್ನುತ್ತಿದ್ದಳು, ಮನಸ್ಸಿನೊಳಗೆ ಬರೀ ದಾನಪ್ಪ, ಎಂದಿನಿಂದ ಹಾಗಾಯಿತೋ ಅವಳಿಗೇ ಗೊತ್ತಿಲ್ಲ.

ಕೆಳಗಿನ ಹೋಟೆಲಿನಿಂದ ಸಾಂಬಾರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ, ಭಾನುವಾರ ಬೆಳಿಗ್ಗೆ ಮಾಟುಂಗದಲ್ಲಿ ಇದೊಂದು ವಾಸನೆ ಸಾಕು, ಹಸಿವಿಲ್ಲದವರಿಗೂ ಹಸಿವಾಗುತ್ತದೆ, ಮುಂದಿನ ತಿಂಗಳು ಈ ಹೊತ್ತಿಗೆ ಈ ಕೋಣೆಯೇ ಇರುವುದಿಲ್ಲ, ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು, ಒಡೆಯುತ್ತಾರೆ, ಒಡೆಯುವವರು ಹೆಲ್ಮೆಟ್ ಹಾಕಿಕೊಂಡಿರುತ್ತಾರೋ ಇಲ್ಲವೋ ಎಂದು ಅವಳು ರಸ್ತೆಯಾಚೆ ನಿಂತು ನೋಡುವುದಂತೂ ಖಂಡಿತ, ಅದು ಹೋಗದ ಚಟ, ಮದುವೆ ಮಂಟಪಕ್ಕೆ ಹೋದರೂ ಮೊದಲು ಎರಡನೇ ಬಾಗಿಲು ಎಲ್ಲಿದೆ ಎಂದು ಹುಡುಕಿ ಆಮೇಲೆ ಹೆಣ್ಣು ಗಂಡು ನೋಡುವವಳು. ಸುರಕ್ಷತಾ ಅಧಿಕಾರಿಗಳ ಸಂಘ, ಮುಂಬೈ ಶಾಖೆ, ಬೋರ್ಡು ಇನ್ನೂ ಗೋಡೆಯ ಮೇಲಿದೆ, ಅದನ್ನು ಯಾರು ಒಯ್ಯುತ್ತಾರೋ, ಅಂಬರನಾಥದ ಕೆಮಿಕಲ್ ಫ್ಯಾಕ್ಟರಿಯಲ್ಲಿ ಹೊಸದಾಗಿ ಸೇಫ್ಟಿಗೆ ಸೇರಿದಾಗ, ಬಾಯಿ ಕ್ಯಾ ಸಮಝಾಯೇಗಿ, ಹೆಂಗಸು ನಮಗೇನು ತಿಳಿಸಿಕೊಡುತ್ತಾಳೆ ಎಂದು ಫೋರ್‌ಮನ್ನುಗಳು ಮೂಗು ಮುರಿದಾಗ, ತಿಂಗಳಿಗೊಮ್ಮೆ ಇಲ್ಲಿಗೆ ಬಂದು ಕೂತರೆ ಉಸಿರು ಬಂದಂತಾಗುತ್ತಿತ್ತು, ಆಂಟಾಪ್ ಹಿಲ್ಲಿನ ಕ್ವಾರ್ಟರ್ಸಿನಲ್ಲಿ ಅಪ್ಪ ಕೇಳುತ್ತಿದ್ದರು, ಅಲ್ಲವ್ವಾ, ರವಿವಾರಾನೂ ಮೀಟಿಂಗ್ ಏನ ನಿಂದು. ಆಗೆಲ್ಲ ಮಿಲ್ಲಿನವರು, ಬಂದರಿನವರು, ಟ್ರಾಂಬೆ ಕಡೆಯ ಫ್ಯಾಕ್ಟರಿಯವರು, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು, ಈಗ ಮಿಲ್ಲಿಲ್ಲ, ಫ್ಯಾಕ್ಟರಿ ಗುಜರಾತಿಗೆ ಹೋಯಿತು, ಸೇಫ್ಟಿ ಆಫೀಸರೇ ಕಾಂಟ್ರ್ಯಾಕ್ಟಿನ ಮೇಲೆ ಬರುತ್ತಾನೆ, ಫೋನಿನಲ್ಲಿ ಟಿಕ್ ಹಾಕಿ ಮನೆಗೆ ಹೋಗುತ್ತಾನೆ, ಕೂತವರಿಗಿಂತ ಖಾಲಿ ಕುರ್ಚಿಗಳೇ ಜಾಸ್ತಿ. ಉಳಿದವರು ವಿಡಿಯೋದಲ್ಲಿ, ಆ ಗೋಡೆಯ ಬಿಳಿ ಪರದೆಯ ಮೇಲೆ, ಚೌಕ ಚೌಕವಾಗಿ. ಲಾಕ್‌ಡೌನ್ ಮುಗಿದ ಮೇಲೆ ಹಠ ಹಿಡಿದು ಎಲ್ಲರನ್ನೂ ಪರದೆಯಿಂದ ಕಿತ್ತು ಇಲ್ಲಿಗೆ ಎಳೆತಂದವಳು ಅವಳೇ, ಬರಬೇಕಾದವರು ಮೆಟ್ಟಿಲು ಹತ್ತಿ ಬರಲಿ ಎಂದಿದ್ದಳು, ಇವತ್ತೊಂದು ದಿನ ಮಾತ್ರ ಅಮಿತನ ಮಾತಿಗೆ ತಲೆ ಆಡಿಸಿದ್ದಾಳೆ, ಯಾಕೆಂದರೆ ಸಭೆ ಮುಗಿದ ಮೇಲೆ ಅಧ್ಯಕ್ಷನಾಗುವವನು ಅವನೇ, ಭಿವಂಡಿಯ ಗೋದಾಮಿನಲ್ಲಿ ಕೆಲಸ, ಬೆಳಗಾವಿಯವರ ಮಗ, ಕನ್ನಡ ಎಲ್ಲಾ ತಿಳಿಯುತ್ತದೆ, ಬಾಯಿ ಬಿಟ್ಟರೆ ಹಿಂದಿ. ಮ್ಯಾಮ್, ಪುರಾನೆ ಲೋಗ್ ಸಬ್‌ಕೋ ಲಿಂಕ್ ಭೇಜಾ ಹೈ. ಕಳಿಸು, ಹಳಬರಿಗೆಲ್ಲ ಎಷ್ಟು ಬೇಕಾದರೂ ಕಳಿಸು, ಪರದೆಯ ಕಡೆ ಅವಳಿನ್ನೂ ತಿರುಗಿಯೇ ನೋಡಿಲ್ಲ.

ಪರಪ್ಪ ಕೂತ, ಅವನ ಪಕ್ಕದ ತಮಿಳಿನವನು ಎದ್ದ, ಸುತ್ತು ಮುಂದುವರಿಯಿತು. ಥೋಡಕ್ಯಾತ್ ಅಂತ ಹೆಸರು ಇದಕ್ಕೆ, ಸ್ವಲ್ಪದರಲ್ಲಿ ಅಂತ, ಯಾವ ಮರಾಠಿಯವ ಇಟ್ಟನೋ ಯಾರಿಗೂ ನೆನಪಿಲ್ಲ, ಭಾಷಣ ಗೀಷಣಕ್ಕೆ ಮೊದಲು ಪ್ರತಿಯೊಬ್ಬರೂ ಎದ್ದು ಈ ತಿಂಗಳು ತನ್ನ ಕಣ್ಣೆದುರು ಸ್ವಲ್ಪದರಲ್ಲಿ ತಪ್ಪಿಹೋದ ಒಂದು ಅಪಾಯ ಹೇಳಬೇಕು, ಯಾರು ಉಳಿದರು, ಹೇಗೆ ಉಳಿದರು, ಅಷ್ಟೇ, ಬಡಾಯಿ ಇಲ್ಲ, ಹೇಳದೆ ಕೂರುವ ಹಾಗಿಲ್ಲ. ದಾನಪ್ಪ ಹೇಳುವಾಗ ಕೋಣೆಯೆಲ್ಲ ನಗುತ್ತಿತ್ತು, ಇಂಡಿ ತಾಲ್ಲೂಕಿನ ಕಡೆಯ ಮಾತು, ಅದನ್ನೇ ಹಿಂದಿಗೆ ತಿರುಗಿಸಿ ಹೇಳುವ ಆ ಚೆಂದ, ಕೆಳಗೆ ಬಿದ್ದ ಸುತ್ತಿಗೆಯೂ ಅವನ ಬಾಯಲ್ಲಿ ಒಂದು ಪಾತ್ರವಾಗುತ್ತಿತ್ತು, ಅದು ಭೀ ಸೋಚಾ ಇವನ ತಲಿಮ್ಯಾಲ ಬ್ಯಾಡ. ಆಮೇಲೆ ವಡಾಲಾದ ಆ ಟವರು, ದಾನಪ್ಪ ಸೇಫ್ಟಿ ನೋಡುತ್ತಿದ್ದ ಕಟ್ಟಡ. ಯಲ್ಲಾಲಿಂಗ ಅಂತ ಹುಡುಗ, ದಾನಪ್ಪನ ಊರ ಕಡೆಯವನೇ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸೊಂಟದ ಬೆಲ್ಟಿನ ಕೊಕ್ಕೆ ಸಿಗಿಸಲು ಮೇಲೆ ಹಗ್ಗವೇ ಕಟ್ಟಿಲ್ಲ ಎಂದು ಬೆಳಿಗ್ಗೆ ದಾನಪ್ಪನೇ ಕೆಲಸ ನಿಲ್ಲಿಸಿದ್ದ, ಹುಡುಗರನ್ನು ಕೆಳಗಿಳಿಸಿದ್ದ, ಪಕ್ಕದ ಬಿಲ್ಡಿಂಗ್ ನೋಡಲು ಹೋದ, ಅವನ ಬೆನ್ನು ಮರೆಯಾಗುವುದನ್ನೇ ಕಾದಿದ್ದ ಠೇಕೇದಾರ ಮತ್ತೆ ಹತ್ತಿಸಿದ, ಹುಡುಗ ಬಿದ್ದ, ಉಳಿಯಲಿಲ್ಲ. ಯಾರೂ ದಾನಪ್ಪನ ಕಡೆ ಬೆರಳು ತೋರಿಸಲಿಲ್ಲ. ಮುಂದಿನ ಸಭೆಯ ರವಿವಾರ ಅವನು ಬಂದ, ಇದೇ ಬಾಗಿಲ ಪಕ್ಕ ಕೂತ, ಸುತ್ತು ಅವನ ತನಕ ಬಂತು, ಎದ್ದು ನಿಂತ, ಥೋಡಕ್ಯಾತ್ ಅಂದ — ಅಲ್ಲಿಗೇ ನಿಂತ, ಬಾಯಿ ತೆರೆದೇ ಇತ್ತು, ಎಲ್ಲರೂ ಕಾದರು, ಅವಳೂ ಕಾದಳು, ಅವನು ಕೂರಲಿಲ್ಲ, ಬಾಗಿಲು ತೆರೆದು ಮೆಟ್ಟಿಲಿಳಿದು ಹೋದ. ರೇಲಿಂಗ್ ಹಿಡಿಯದೆ ಇಳಿದ, ತೆರೆದ ಬಾಗಿಲಿನಾಚೆ ಅವಳು ಈ ಕುರ್ಚಿಯಿಂದಲೇ ನೋಡಿದಳು.

ಅದಕ್ಕೆ ಮೊದಲು ಅವನು ಎಂದೂ ರೇಲಿಂಗ್ ಬಿಟ್ಟು ಇಳಿದವನೇ ಅಲ್ಲ. ಸಭೆ ಮುಗಿದು, ಕೆಳಗೆ ಇಡ್ಲಿ ತಿಂದು, ಫೈವ್ ಗಾರ್ಡನ್ಸಿನ ನೆರಳಿನಲ್ಲಿ ಸುಮ್ಮಸುಮ್ಮನೆ ಒಂದು ಸುತ್ತು ಹಾಕಿ — ದಾರಿ ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳುತ್ತಿರಲಿಲ್ಲ — ಮಾಟುಂಗ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವುದು, ಜನ ಇಬ್ಬದಿಯಿಂದ ನುಗ್ಗುತ್ತಾರೆ, ಲೋಕಲ್ ಬಂತೆಂದು ಎರಡೆರಡು ಮೆಟ್ಟಿಲು ಹಾರುತ್ತಾರೆ, ಇವರಿಬ್ಬರು ಮಾತ್ರ ಒಂದೊಂದೇ ಮೆಟ್ಟಿಲು, ಕೈ ಕಬ್ಬಿಣದ ಮೇಲೆ, ಹಿಂದಿನವರು ಬೈಯುತ್ತಾರೆ, ಅರೆ ಚಲೋ ಚಲೋ, ಈ ಊರಾಗ ರೇಲಿಂಗ್ ಹಿಡಕೊಂಡ ಇಳಿಯಾವ್ರು ನಾವಿಬ್ಬರ ನೋಡ್ರಿ ಮೇಡಮ್ಮಾರ, ಉಳದವ್ರೆಲ್ಲಾ ಹಾರ್ತಾರ. ಅವನು ಒಂದು ಮೆಟ್ಟಿಲು ಮುಂದೆ, ಜನ ತಳ್ಳಿದರೆ ಅವಳು ಬೀಳುವುದು ತನ್ನ ಬೆನ್ನ ಮೇಲಿರಲಿ ಎಂದು, ಅವನ ಕೈ ಅವಳ ಕೈಗಿಂತ ಗೇಣು ಕೆಳಗೆ, ಬೆರಳ ಗಂಟಿನ ಮೇಲೆ ಸುಟ್ಟ ಕಲೆ, ಆ ಗೇಣು ಅಂತರ ಎಷ್ಟು ವರ್ಷ ಹಾಗೇ ಉಳಿಯಿತು. ಒಂದು ದಿನ ಕೈ ಸ್ವಲ್ಪ ಜಾರಿಸಿದ್ದರೆ ಏನಾಗುತ್ತಿತ್ತು, ಆಕಾಶ ಬೀಳುತ್ತಿತ್ತೇ, ಅವನ ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಇವಳಿಗಂತೂ ಮದುವೆಯ ಮಾತೇ ನಿಂತುಹೋಗಿತ್ತು, ಕೇಳುವವರು ಯಾರಿದ್ದರು. ಅವನು ಬೇಕು, ಸುಳ್ಳೇಕೆ, ಈ ಶಾಖೆ ಬೇಕು ಬೋರ್ಡು ಬೇಕು ಕೋಣೆ ಬೇಕು ಎಂದು ಕಮಿಟಿಯ ಎದುರು ಎಷ್ಟು ವಾದ ಮಾಡಿದರೂ ಒಳಗಿನ ಮಾತು ಇಷ್ಟೇ, ಅವನು ಬೇಕು, ಈ ಕೋಣೆ ಇರುವ ತನಕ ಅವನು ಹತ್ತಿ ಬರಲು ಮೆಟ್ಟಿಲುಗಳು ಇರುತ್ತವೆ. ಈಗ ಒಬ್ಬಳೇ ಸೇತುವೆ ಇಳಿಯುವಾಗಲೂ ಅವಳು ಕೈಯ ಕೆಳಗೆ ಒಂದು ಗೇಣು ಜಾಗ ನೋಡಿಕೊಳ್ಳುತ್ತಾಳೆ. ಅಲ್ಲಿ ಯಾರ್ಯಾರದೋ ಕೈ ಬಂದು ಹೋಗುತ್ತದೆ.

ಫೋನ್ ಮಾಡಿದ್ದಳು, ಮಾಡುತ್ತಲೇ ಇದ್ದಳು, ಎತ್ತುವುದು ಅವನ ಮಗಳು ರಾಧಿಕಾ, ಆಂಟಿ, ಪಪ್ಪಾ... ಮಾತಾಡೋದು ಬ್ಯಾಡ ಅಂತಾರೆ, ಸಾರಿ ಹಾಂ, ಖಾನಾ ಎಲ್ಲಾ ಮಾಡ್ತಾರೆ, ಸಿರ್ಫ್ ಚುಪ್ ರಹತೇ ಹೈ. ಡೊಂಬಿವಲಿಯ ಅವನ ಮನೆಗೂ ಒಮ್ಮೆ ಹೋದಳು, ಚಹಾ ಕೊಟ್ಟ, ಬಿಸ್ಕೀಟು ಕೊಟ್ಟ, ಬಾಲ್ಕನಿಯ ಕಡೆ ನೋಡುತ್ತ ಕೂತ, ಬರ್ರಿ ದಾನಪ್ಪನವರ, ಒಂದ ಸಲ ಬರ್ರಿ ಎಂದಳು, ನಾ ಅಲ್ಲೆ ಏನ ಹೇಳಲ್ರೀ ಮೇಡಮ್ಮಾರ, ಅಂದ, ಅದಷ್ಟೇ ಮಾತು, ಅವಳಿಗೆ ಅದು ಒಲ್ಲೆ ಎಂದಂತೆ ಕೇಳಿತು. ಹಾಗಾಗಿ ಪ್ರತಿ ತಿಂಗಳೂ ಸುತ್ತು ಬಾಗಿಲ ಬಳಿಯ ಖಾಲಿ ಕುರ್ಚಿಗೆ ಬಂದಾಗ ಅವಳು ಹೆಸರು ಕರೆಯುತ್ತಾಳೆ, ದಾನಪ್ಪನವರು, ಒಂದು ಉಸಿರಿನಷ್ಟು ಕಾಯುತ್ತಾಳೆ, ಮುಂದಕ್ಕೆ ಹೋಗುತ್ತಾಳೆ. ಮೊದಮೊದಲು ಎಲ್ಲರೂ ತಲೆ ತಗ್ಗಿಸುತ್ತಿದ್ದರು, ಆಮೇಲೆ ಗಡಿಯಾರ ನೋಡಿದರು, ಈಚೆಗೆ ಕೆಲವರಿಗೆ ದಾನಪ್ಪ ಯಾರೆಂಬುದೇ ಗೊತ್ತಿಲ್ಲ. ಹೆಸರು ಕರೆಯುವುದು ಇನ್ನು ಅಮಿತನ ಕಂಪ್ಯೂಟರಿನ ಕೆಲಸ, ವರ್ಷವಿಡೀ ಬಾರದವರ ಹೆಸರು ಅದಾಗಿಯೇ ಬಿದ್ದುಹೋಗುತ್ತದಂತೆ, ಕಮಿಟಿ ಒಪ್ಪಿದೆ, ಒಪ್ಪಿಗೆಗೆ ಸಹಿ ಹಾಕಿದವಳೂ ಅವಳೇ, ಅಧ್ಯಕ್ಷೆಯಲ್ಲವೇ. ಇವತ್ತು ಕರೆದರೆ ಕರೆದಳು, ಆಮೇಲೆ ಆ ಹೆಸರನ್ನು ಈ ಮಂದಿಯ ನಡುವೆ ಗಟ್ಟಿಯಾಗಿ ಅನ್ನಲು ಅವಳಿಗೆ ನೆಪವೇ ಇರುವುದಿಲ್ಲ.

ಮ್ಯಾಮ್, ಸ್ಕ್ರೀನ್. ಅಮಿತ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದ. ಏನು, ಯಾರಾದರೂ ಕೈ ಎತ್ತಿದರೇ, ನೋಡಿದಳು, ಯಾರದೋ ಹಣೆ, ಯಾರದೋ ಫ್ಯಾನು, ಒಬ್ಬ ಕಾರು ಓಡಿಸುತ್ತಲೇ ಸಭೆಯಲ್ಲಿದ್ದಾನೆ, ಸೇಫ್ಟಿಯವನು, ಇವನಿಗೆ ಆಮೇಲೆ ಸರಿಯಾಗಿ ಮಂಗಳಾರತಿ ಮಾಡಬೇಕು — ಕೆಳಗಿನ ಮೂಲೆಯಲ್ಲಿ ಒಂದು ಕಪ್ಪು ಚೌಕ. ಮುಖವಿಲ್ಲ. ಬಿಳಿ ಇಂಗ್ಲಿಷ್ ಅಕ್ಷರದಲ್ಲಿ ದಾನಪ್ಪ. ಪಕ್ಕದಲ್ಲಿ ಪುಟ್ಟ ಮೈಕು, ಅದರ ಮೇಲೆ ಕೆಂಪು ಗೆರೆ, ದನಿ ಮುಚ್ಚಿದೆ ಎಂದು. ಎಷ್ಟು ಹೊತ್ತಿನಿಂದ ಇದ್ದ, ಕಬ್ ಸೇ, ಶುರು ಸೇ ಹೈ ಮ್ಯಾಮ್, ಸಬ್ಸೇ ಪೆಹಲೇ ವಹೀ ಆಯೇ. ಎಲ್ಲರಿಗಿಂತ ಮೊದಲು ಬಂದು ಕತ್ತಲಲ್ಲಿ ಕೂತಿದ್ದಾನೆ, ಅವಳ ಕಿವಿ ಬಿಸಿಯಾಯಿತು, ಕಣ್ಣು ಸಹ, ಅವಳು ಹಿಡಿದ ಹಠವೆಲ್ಲ ಮೆಟ್ಟಿಲಿನದು, ಅವನಿಗೆ ಮೆಟ್ಟಿಲೇ ಆಗದಿದ್ದದ್ದು, ಮುಖ ತೋರಿಸದೆ ಬರಲು ಒಂದು ದಾರಿ ಇದ್ದಿದ್ದರೆ ಎಂದೋ ಬರುತ್ತಿದ್ದನೇನೋ, ಆ ದಾರಿಗೇ ಅವಳು ಬೀಗ ಜಡಿದು ಕೂತಿದ್ದಳು, ಅಮಿತಾ, ನಿನ್ನ ಹೊಟ್ಟೆ ತಣ್ಣಗಿರಲಿ. ಕಪ್ಪು ಚೌಕ ಹಾಗೇ ಇದೆ. ಅಲ್ಲಾಡುವುದಿಲ್ಲ. ಅದರೊಳಗೆ ಡೊಂಬಿವಲಿಯ ಆ ಬಾಲ್ಕನಿ ಇರಬೇಕು, ಆ ಕೈ ಇರಬೇಕು, ಬೆರಳ ಗಂಟಿನ ಕಲೆ, ತನ್ನನ್ನು ಅವನು ನೋಡುತ್ತಿರಬೇಕು, ತಲೆ ಬೆಳ್ಳಗಾಗಿದೆ, ಬಣ್ಣ ಹಚ್ಚುವುದು ಬಿಟ್ಟದ್ದು ಅವನು ಹೋದ ಮೇಲೆಯೇ, ನೋಡಲಿ.

ಈಗ ಮಾತಾಡುತ್ತಿರುವವಳು ಆಸ್ಪತ್ರೆಯ ಸೇಫ್ಟಿ ನೋಡುವ ಹುಡುಗಿ, ಆಕ್ಸಿಜನ್ ನಳಿಗೆಯ ಪಕ್ಕ ಯಾರೋ ಅಗರಬತ್ತಿ ಹಚ್ಚಿದ್ದರಂತೆ, ಸ್ವಲ್ಪದರಲ್ಲಿ ಉಳಿಯಿತು, ಎಲ್ಲರದೂ ಉಳಿಯಿತು, ಉಳಿದದ್ದನ್ನೇ ಹೇಳುತ್ತಾರೆ, ಉಳಿದದ್ದನ್ನೇ ಹೇಳಬೇಕು — ಮತ್ತೆ ಉಳಿಯದವನು? ಶಿವಕುಮಾರಿಯ ಕೈ ಮೇಜಿನ ಅಂಚನ್ನು ಹಿಡಿಯಿತು. ನಾ ಅಲ್ಲೆ ಏನ ಹೇಳಲ್ರೀ. ಒಲ್ಲೆ ಎಂದಿರಲಿಲ್ಲ ಅವನು, ಕೇಳಿದ್ದ, ನಿಜವಾಗಿ ಕೇಳಿದ್ದ, ನಾನು ಅಲ್ಲಿ ಏನು ಹೇಳಲಿ ಎಂದು, ಈ ಸುತ್ತಿನಲ್ಲಿ ಬದುಕಿ ಉಳಿದವರಿಗೆ ಮಾತ್ರ ಜಾಗ, ಯಲ್ಲಾಲಿಂಗನಿಗೆ ಇಲ್ಲಿ ಕುರ್ಚಿಯೇ ಇರಲಿಲ್ಲ, ಅವನನ್ನು ಎದೆಯಲ್ಲಿಟ್ಟುಕೊಂಡು ಬಂದವನು ಎಲ್ಲಿ ಕೂರಬೇಕಿತ್ತು, ತಿಂಗಳು ತಿಂಗಳೂ ಅವಳು ಅವನ ಹೆಸರು ಕರೆದದ್ದು ಅದೇ ಹೇಳಲಾಗದ್ದನ್ನು ಹೇಳು ಎಂದು. ಹುಡುಗಿ ಕೂತಳು. ಸುತ್ತು ಬಾಗಿಲಿಗೆ ಬಂತು. ಪರಪ್ಪ ಕೆಮ್ಮಿದ, ಅಮಿತ ಪರದೆಯನ್ನೂ ಅವಳನ್ನೂ ನೋಡುತ್ತಿದ್ದಾನೆ, ಇವತ್ತೂ ಹಾಗೇ ಕರೆದು ಒಂದು ಉಸಿರು ಕಾದು ಮುಂದೆ ಹೋದರೆ ಆ ಚೌಕ ಆರಿಹೋಗುತ್ತದೆ, ಮತ್ತೆ ಬರುವುದಿಲ್ಲ, ಅವಳಿಗೆ ಖಾತ್ರಿ. ಎದ್ದಳು. ಅಧ್ಯಕ್ಷರು ಸುತ್ತಿನ ನಡುವೆ ಏಳುವ ಪದ್ಧತಿಯಿಲ್ಲ, ಸಭೆಯಲ್ಲಿ ಕನ್ನಡ ಆಡುವ ಪದ್ಧತಿಯೂ ಇಲ್ಲ, ಅರ್ಧ ಕೋಣೆಗೆ ತಿಳಿಯುವುದಿಲ್ಲ, ತಿಳಿಯದಿರಲಿ. ದಾನಪ್ಪನವರ, ಅಂದಳು, ಉಳದದ್ದ ಏನೂ ಹೇಳಬ್ಯಾಡ್ರಿ. ಯಲ್ಲಾಲಿಂಗ ಹೆಂಗಿದ್ದ, ಅಷ್ಟ ಹೇಳ್ರಿ. ನಾವು ಕೇಳ್ತೀವಿ.

ಫ್ಯಾನು ತಿರುಗುತ್ತಿದೆ. ಯಾರೂ ಗಡಿಯಾರ ನೋಡುತ್ತಿಲ್ಲ, ಯಾರಿಗೆ ಎಷ್ಟು ತಿಳಿಯಿತೋ, ಎಲ್ಲರೂ ಅವಳು ನೋಡುವ ಕಡೆಯೇ ನೋಡುತ್ತಿದ್ದಾರೆ, ಮೂಲೆಯ ಆ ಚೌಕ, ಕಪ್ಪು, ಅದರ ಮೇಲೆ ಬಿಳಿಯ ಹೆಸರು, ಮೈಕು, ಕೆಂಪು ಗೆರೆ, ಹೇಳದಿದ್ದರೂ ಅಡ್ಡಿಯಿಲ್ಲ, ಹೋಗಬೇಡ, ಆರಬೇಡ, ಇನ್ನೊಂದು ಉಸಿರು ಇರು, ಇನ್ನೊಂದು — ಕಪ್ಪು ಚೌಕ, ಬಿಳಿಯ ಹೆಸರು, ಕೆಂಪು ಗೆರೆ — ಕಪ್ಪು ಚೌಕ, ಬಿಳಿಯ ಹೆಸರು — ಗೆರೆ ಇಲ್ಲ.