ದುಂಡವ್ವ ಕೊಟ್ಟ ಚರ್ಮ

ಐನಾಪುರದ ರಾಜಾರಾಮನ ಮನೆಯಲ್ಲಿ ಆಗ ಯಾರ ಗಂಟಲಲ್ಲೂ ಅನ್ನ ಇಳಿಯುತ್ತಿರಲಿಲ್ಲ. ಮಗ ಸುರಜ ಸೈನಿಕ. ಗಡಿಯಲ್ಲಿ ನೆಲಬಾಂಬು ಸಿಡಿದು ಅವನಿದ್ದ ಗಾಡಿಗೆ ಬೆಂಕಿ ಹತ್ತಿತ್ತು. ಎದೆ, ಬೆನ್ನು, ಎರಡೂ ಕೈ ಸುಟ್ಟಿದ್ದವು. ಅವನು ಪುಣೆಯ ಆಸ್ಪತ್ರೆಯಲ್ಲಿದ್ದ. ಹೆಂಡತಿ ನೀಲಮ ಜೊತೆಗಿದ್ದಳು. ಇಲ್ಲಿ ರಾಜಾರಾಮನ ತಾಯಿ ದುಂಡವ್ವ ಹಾಸಿಗೆ ಹಿಡಿದಿದ್ದಳು. ಅವಳನ್ನು ಬಿಟ್ಟು ರಾಜಾರಾಮ ಪುಣೆಗೆ ಹೋಗುವಂತಿರಲಿಲ್ಲ.

ಒಂದು ಮುಂಜಾನೆ ದುಂಡವ್ವ ತೀರಿಕೊಂಡಳು. ಫೋನಿನಲ್ಲಿ ಸುದ್ದಿ ಕೇಳಿ ನೀಲಮ ಅತ್ತಳು. ಆಮೇಲೆ ಸಾವರಿಸಿಕೊಂಡು ಮಾವನನ್ನು ಕೇಳಿದಳು:

"ಮಾಮಾ, ದುಂಡವ್ವ ಆಯಿ ಚರ್ಮ ದಾನ ಮಾಡೂಣೇನ್ರಿ?"

"ಏನ್ ಮಾತಾಡಾಕತ್ತೀಯವ್ವಾ?" ರಾಜಾರಾಮ ಗೋಡೆಗೆ ಒರಗಿ ಕುಳಿತ.

"ಇಲ್ಲಿ ಡಾಕ್ಟರು ಇವರ ಚರ್ಮದ ಸಣ್ಣ ತುಣುಕ ತಗೊಂಡು ಲ್ಯಾಬಿನ್ಯಾಗ ಬೆಳಸಾಕತ್ತಾರ್ರಿ. ವಾರಗಟ್ಲೆ ಬೇಕ. ಇನ್ನೂ ಸಂಶೋಧನೆ ನಡದೈತಿ, ಗ್ಯಾರಂಟಿ ಇಲ್ಲಂತ ಮೊದಲ ಹೇಳ್ಯಾರ. ಅಲ್ಲೀತನಕ ಗಾಯ ಮುಚ್ಚಾಕ ಸತ್ತವರು ಕೊಟ್ಟ ಚರ್ಮ ಬೇಕ. ಇಲ್ಲಿ ಚರ್ಮ ಬ್ಯಾಂಕಿನ್ಯಾಗ ಇದ್ದದ್ದು ಮುಗದೈತಿ."

"ಅವ್ವಂದು ಸುರಜಗ ಮುಟ್ಟತೈತೇನು?"

ನೀಲಮ ಸುಳ್ಳು ಹೇಳಲಿಲ್ಲ. "ಇಲ್ರಿ ಮಾಮಾ. ತಪಾಸ ಮಾಡಿ ತಯಾರ ಮಾಡಾಕ ಭಾಳ ದಿನಾ ಹೋಗ್ತಾವ. ಯಾರಿಗೆ ಹೋಗ್ತೈತೋ ಗೊತ್ತಾಗೂದಿಲ್ಲ. ಇವರ ಮೈಮ್ಯಾಲ ಹಾಕಿದ್ದೂ ಯಾರದೋ, ನಮಗ ಗೊತ್ತಿಲ್ರಿ."

ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ ತಂಗಿ ಅಕ್ಕುತಾಯಿ ಹೌಹಾರಿದಳು. "ಅಣ್ಣಾ, ಅವ್ವನ ಮೈ ಸುಲಸ್ತಿಯೇನು? ಮಂದಿ ಏನಂದಾರು?"

"ಸುಲಿಯೂದಲ್ರಿ ಅತ್ತಿ," ಫೋನಿನಿಂದಲೇ ನೀಲಮ ಅಂದಳು. "ತೊಡಿ, ಬೆನ್ನಿನಿಂದ ಉಳ್ಳಾಗಡ್ಡಿ ಸಿಪ್ಪಿ ಹಂಗ ತೆಳ್ಳಗ ತಗೀತಾರ. ಪಟ್ಟಿ ಕಟ್ಟತಾರ. ಮಾರಿ, ಕೈ ಮುಟ್ಟೂದಿಲ್ಲ. ಸೀರಿ ಉಡಿಸಿದ್ರ ಏನೂ ಕಾಣಂಗಿಲ್ಲ. ಆದ್ರ ಜೀವ ಹೋಗಿ ಆರ ತಾಸಿನ ಒಳಗ ಆಗಬೇಕ್ರಿ."

ರಾಜಾರಾಮ ತಾಯಿಯ ಮುಖವನ್ನೇ ನೋಡಿದ. ಯಾರೋ ಗುರುತಿಲ್ಲದವರು ಹೀಗೇ ಹೆಣದ ಮುಂದೆ ಕುಳಿತು ಹೂಂ ಅಂದಿದ್ದಕ್ಕೇ ಮಗ ಇಷ್ಟು ದಿನ ಉಳಿದಿದ್ದ.

"ಕರಸವ್ವಾ ಅವರ್ನ," ಅಂದ.

ನೀಲಮ ಫೋನು ಮಾಡಿ ಕರೆಸಿದ ಚರ್ಮ ಬ್ಯಾಂಕಿನ ತಂಡದವರು ಹೊತ್ತು ಮೀರುವ ಮೊದಲೇ ಬಂದು ಕೆಲಸ ಮುಗಿಸಿ, ಕೈಮುಗಿದು ಹೋದರು. ಸಂಜೆಯೊಳಗೆ ಮಣ್ಣೂ ಆಯಿತು.

ಮರುವಾರ ರಾಜಾರಾಮ ಪುಣೆಗೆ ಹೋದ. ಅಷ್ಟರಲ್ಲಿ, ಮುಚ್ಚಲು ಚರ್ಮ ಸಿಗದೆ, ಸುರಜನ ತೆರೆದ ಗಾಯಗಳಿಗೆ ನಂಜೇರಿತ್ತು. ಬೆಳೆಸಿದ ಚರ್ಮ ಹಾಕಿದರು; ಅದು ಹಿಡಿಯಲಿಲ್ಲ. "ಅಪ್ಪಾ, ಮೈಯೆಲ್ಲಾ ಥಂಡಿ" ಅಂದದ್ದೇ ಅವನ ಕಡೆಯ ಮಾತು. ದಾನದ ಚರ್ಮ ಇನ್ನಷ್ಟು ಸಿಕ್ಕಿದ್ದರೆ ಉಳಿಯುತ್ತಿದ್ದನೇ ಎಂದು ರಾಜಾರಾಮ ಕೇಳಿದ. "ಹೇಳಾಕ ಬರೂದಿಲ್ರಿ," ಅಂದರು ಡಾಕ್ಟರು.

ರಾಜಾರಾಮ ಈಗ ಹೊಲದ ಕಡೆ ಹೋಗುವುದಿಲ್ಲ. ನೀಲಮ ಮಾತು ಕಡಿಮೆ ಮಾಡಿದ್ದಾಳೆ. ಮೊನ್ನೆ ಅಕ್ಕುತಾಯಿ ಬಂದು, "ಅಣ್ಣಾ, ನಾ ಸತ್ತ್ರ ನಂದೂ ಕೊಡ್ರಿ. ನನ್ನ ಮಕ್ಕಳಿಗೆ ಹೇಳೇನಿ," ಅಂದಳು. ಅವನು ಅವಳ ಕೈ ಹಿಡಿದು ಅತ್ತ.

ಅಕ್ಕ-ತಂಗೇರೇ, ಅಣ್ಣ-ತಮ್ಮಂದಿರೇ, ಗಡಿಯಲ್ಲಿ ಬೆಂದ ಸೈನಿಕನಿರಲಿ, ಅಡುಗೆಮನೆಯಲ್ಲಿ ಸುಟ್ಟ ಹೆಣ್ಣುಮಗಳಿರಲಿ, ಹೊಸ ಚರ್ಮ ಬೆಳೆಸುವ ವಿದ್ಯೆ ಇನ್ನೂ ಪಳಗಬೇಕಾಗಿದೆ. ಅಲ್ಲಿಯವರೆಗೆ ಅವರ ಗಾಯ ಮುಚ್ಚುವುದು ನಮ್ಮ ಕೈಯಲ್ಲಿದೆ. ಹತ್ತಿರದ ಚರ್ಮ ಬ್ಯಾಂಕ್ ಎಲ್ಲಿದೆ ಎಂದು ಸರ್ಕಾರಿ ದವಾಖಾನೆಯಲ್ಲಿ ಕೇಳಿರಿ. ನಿಮ್ಮ ಇಚ್ಛೆಯನ್ನು ಮನೆಯವರಿಗೆ ಇವತ್ತೇ ಹೇಳಿರಿ. ಸಾವಿನ ಮನೆಯಲ್ಲಿ ವಿಚಾರ ಮಾಡಲು ಸಮಯ ಸಿಗುವುದಿಲ್ಲ.