ಸಾಹುಕಾರರ ಮನೆಮಗಳು

ಬೇಸಿಗೆಯ ರಾಯಚೂರಿನಲ್ಲಿ ನಾಯಿ ಕೂಡ ನೆರಳು ಬಿಟ್ಟು ಕದಲುವುದಿಲ್ಲ. ಹಂಪಣ್ಣ ಸಾಹುಕಾರರ ಅಕ್ಕಿ ಗಿರಣಿಯ ಹೆಂಗಸರು ಮಾತ್ರ ಸುಡುವ ಸಿಮೆಂಟು ಕಣದಲ್ಲಿ ಬರಿಗಾಲಲ್ಲಿ ನಿಂತು ಕುದಿಸಿದ ಭತ್ತ ಕೆದರುತ್ತಿದ್ದರು. ಒಂದು ಹಿಡಿ ಕಾಳು ಆಚೆ ಚೆಲ್ಲಿದರೂ ಅರ್ಧ ದಿನದ ಕೂಲಿ ಹೋಯಿತು. ಮಂಡಿಯೂರಿ ಕಾಳು ಆರಿಸಿ ಆರಿಸಿ ಅವರಲ್ಲೊಬ್ಬಳಾದ ಕರೆಮ್ಮನ ಉಗುರುಗಳು ಸವೆದಿದ್ದವು.

ಅದಕ್ಕೇ ಯಂಕಮ್ಮ ಸಂಘ ಕಟ್ಟಿದಳು. ಅವಳೂ ಅದೇ ಕಣದ ಆಳು; ಗಂಡ ಸತ್ತವಳು, ಬಾಯಿ ಜೋರು. ಸಂಘ ಸೇರಿದವರನ್ನು ಕೆಲಸದಿಂದ ತೆಗೆಯುವಂತಿಲ್ಲ ಅಂತ ಸರ್ಕಾರದ ಕಾನೂನಿದೆ, ಲೇಬರ್ ಆಫೀಸರು ಬಂದು ಕೇಳಿದಾಗ ಹೌದು ಅಂದರೆ ಸಾಕು ಎಂದು ಎಲ್ಲರಿಗೂ ತಿಳಿಹೇಳಿದ್ದಳು. ಕರೆಮ್ಮನೂ ಹೂಂ ಅಂದಿದ್ದಳು.

ಆಫೀಸರು ಬರುವ ದಿನ ಬೆಳಿಗ್ಗೆ ಸಾಹುಕಾರರು ಹೆಂಗಸರನ್ನೆಲ್ಲ ಮನೆಯ ಪಡಸಾಲೆಗೆ ಕರೆಸಿದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೆಲ್ಲ.

"ನೀವು ಆಳಲ್ಲವ್ವಾ, ನಮ್ಮನಿ ಹೆಣ್ಣುಮಕ್ಕಳು. ತವರುಮನ್ಯಾಗ ಯಾರರ ಸಂಘ ಕಟ್ತಾರೇನು?"

ಹೆಂಡತಿ ಶಿವಬಸಮ್ಮ ಒಬ್ಬೊಬ್ಬರ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಹಾಕಿ, ತವರಿಗೆ ಬಂದ ಮಗಳಿಗೆ ಮಾಡುವಂತೆ ಉಡಿ ತುಂಬಿದಳು. ಗಂಡನಿಲ್ಲದವಳಿಗೆ ಉಡಿ ತುಂಬುವುದಿಲ್ಲ. ಯಂಕಮ್ಮ ಹೊರಗೇ ನಿಂತಳು. ಸಾಹುಕಾರರಿಗೆ ಬೇಕಾಗಿದ್ದದ್ದೂ ಅದೇ.

ಕರೆಮ್ಮನಿಗೆ ತವರೆಂಬುದೇ ಇರಲಿಲ್ಲ. ದೇವದುರ್ಗದ ಕಡೆಯ ಕುರಿಹಟ್ಟಿಯಲ್ಲಿ ಹೆತ್ತವರನ್ನು ಚಿಕ್ಕಂದಿನಲ್ಲೇ ಕಳಕೊಂಡವಳು. ಉಡಿಯ ಭಾರಕ್ಕೆ ಅವಳ ಕಣ್ಣು ತುಂಬಿ ಬಂತು. ಆಫೀಸರು ಕೇಳಿದಾಗ, "ಸಂಘ ಗಿಂಘ ಏನಿಲ್ರಿ. ನಾವು ಆಳಲ್ರಿ, ಮನಿ ಮಕ್ಕಳು," ಎಂದುಬಿಟ್ಟಳು. ಉಳಿದವರೂ ಹಾಗೇ ಅಂದರು. ಈ ಗಿರಣಿಯಲ್ಲಿ ಆಳುಗಳೇ ಇಲ್ಲ ಎಂದು ಬರೆದುಕೊಂಡು ಆಫೀಸರು ಚಹಾ ಕುಡಿದು ಹೋದ. ಸಂಜೆಗೆ ಯಂಕಮ್ಮನನ್ನು ಗೇಟಿನಾಚೆ ನೂಕಿದರು. ಕರೆಮ್ಮ ತಲೆ ಎತ್ತದೆ ಭತ್ತ ಕೆದರಿದಳು.

ಮಳೆಗಾಲ ಹಿಡಿಯುವ ಮುಂಚೆ ಕುದಿಯುವ ಹಂಡೆ ಮಗುಚಿ ಕರೆಮ್ಮನ ಕಾಲು ಮೊಣಕಾಲ ತನಕ ಬೆಂದಿತು. ಹೊತ್ತುಕೊಂಡು ಅದೇ ಪಡಸಾಲೆಗೆ ತಂದರು. ಶಿವಬಸಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಒಳಗ ತರಬ್ಯಾಡ್ರಿ. ಇವತ್ತ ಸೋಮವಾರ, ಪೂಜಿ ಐತಿ."

"ಯಪ್ಪಾ, ದವಾಖಾನಿಗೆ ಕಳಸ್ರಿ. ನಿಮ್ಮ ಮಗಳದೀನಿ," ಕರೆಮ್ಮ ನರಳಿದಳು.

ಸಾಹುಕಾರರು ಅಂಗಿ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದರು. "ಯಾವ ಮಗಳಬೇ? ಆಳಾಗಿದ್ರ ಕಾನೂನು ಪ್ರಕಾರ ಖರ್ಚು ಕೊಡಬೇಕಾಗಿತ್ತು. ಆಳಲ್ಲ ಅಂತ ನೀನ ಹೇಳಿದ್ಯಲ್ಲ."

ಸುದ್ದಿ ಕೇಳಿ ಟಾಂಗಾ ತಂದವಳು ಯಂಕಮ್ಮ.

"ನಿನ್ನ ಹೊಟ್ಟಿ ಮ್ಯಾಲ ಹೊಡದ್ನಲ್ಲ ಯಕ್ಕಾ," ಕರೆಮ್ಮ ಅತ್ತಳು.

"ಅಳೋದು ಆಮ್ಯಾಲ. ಮೊದಲ ಕಾಲು ಒಳಗ ತೊಗೊ."

ಯಂಕಮ್ಮ ಕಚೇರಿ ಸುತ್ತಿ ಸುತ್ತಿ ಆಫೀಸರನ್ನು ಮತ್ತೆ ಕರೆತಂದಳು. ಈ ಸಲ ಶಿವಬಸಮ್ಮ ಕಣಕ್ಕೇ ಬಂದು ಉಡಿ ತುಂಬುತ್ತಿದ್ದಳು. ಕೂಲಿ ತಪ್ಪುವ ಹೆದರಿಕೆಗೆ ಹೆಂಗಸರು ಸೆರಗು ಒಡ್ಡಿ ನಿಂತಿದ್ದರು. ಅಷ್ಟರಲ್ಲಿ ಕರೆಮ್ಮ ಯಂಕಮ್ಮನ ಹೆಗಲು ಹಿಡಿದು ಕುಂಟುತ್ತ ಬಂದಳು.

"ಬಾರವ್ವಾ ಮಗಳ, ಸೆರಗು ಹಿಡಿ," ಎಂದರು ಸಾಹುಕಾರರು.

ಕರೆಮ್ಮ ಸೆರಗು ಹಿಡಿಯಲಿಲ್ಲ. ಸೀರೆ ಎತ್ತಿ ಆಫೀಸರಿಗೆ ಸುಟ್ಟ ಕಾಲು ತೋರಿಸಿದಳು. "ಮಗಳಲ್ರಿ ಸಾಹೇಬ್ರ. ಆಳು. ಸಂಘದಾಕಿ. ಬರಕೋರಿ."

ಆಫೀಸರು ಸಾಹುಕಾರರ ಮುಖ ನೋಡಿದ. ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ನಂದೂ ಬರಕೋರಿ," ಎಂದು ಪಕ್ಕದವಳು ಸೆರಗು ಬಿಟ್ಟಳು. ಅಕ್ಕಿ ಜರ್ರನೆ ಕೆಳಗೆ ಸುರಿಯಿತು. ಆಚೆಯವಳೂ ಬಿಟ್ಟಳು. ಒಬ್ಬರ ಹಿಂದೊಬ್ಬರು ಬಿಡುತ್ತ ಹೋದರು.

"ಆರಸ್ರಬೇ," ಸಾಹುಕಾರರು ಗದರಿದರು. "ಒಂದ ಕಾಳು ಬಿಡಬಾರದು."

ಯಾರೂ ಬಗ್ಗಲಿಲ್ಲ.